ಮೌಸ್ ಕೈಗೆ ಬಗ್ಗುತ್ತಿಲ್ಲವೇ? ಗೇಮ್ ಆಡುವವರಿಗೆ ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೇಮ್‌ನಲ್ಲಿ ಗುರಿ ತಪ್ಪಿದಾಗಲೆಲ್ಲ ಮೌಸ್ ಮೇಲೆ ಗೂಬೆ ಕೂರಿಸುವವರನ್ನು ಕಂಡರೆ ಈ ಗಾದೆ ನೆನಪಾಗುತ್ತದೆ. ಆದರೆ ಈ ಆಟದಲ್ಲಿ ನೆಲ ನಿಜಕ್ಕೂ ಡೊಂಕಾಗಿರುವುದುಂಟು. ಅದು ಎಲ್ಲಿ ಡೊಂಕು ಎಂದು ನೋಡದೆ ಹೊಸ ಮೌಸ್ ಕೊಳ್ಳಲು ಓಡುವುದೇ ತಪ್ಪು. ನಾನೇ ಒಮ್ಮೆ ಹಾಗೆ ಮಾಡಿದ್ದೇನೆ. ಹಳೆಯ ಮೌಸ್ ತಡವರಿಸುತ್ತಿದೆ ಎಂದು ಹೊಸದು ತಂದೆ, ಹೊಸದೂ ಹಾಗೇ ತಡವರಿಸಿತು. ತಪ್ಪು ಮೌಸಿನದಲ್ಲ, ಕ್ಯಾಬಿನೆಟ್ ಹಿಂದೆ ಚುಚ್ಚಿದ್ದ ಡಾಂಗಲ್‌ನದು (ವೈರ್‌ಲೆಸ್ ಮೌಸಿನ ಮಾತು ಕೇಳಿಸಿಕೊಳ್ಳುವ ಪುಟ್ಟ ಯುಎಸ್‌ಬಿ ತುಣುಕು) ಎಂದು ಗೊತ್ತಾಗುವಷ್ಟರಲ್ಲಿ ದುಡ್ಡು ಹೋಗಿತ್ತು.

ನೀವು ಕೈ ಸರಿಸಿದಾಗ ಮೌಸಿನ ಸೆನ್ಸರ್ ಆ ಚಲನೆಯನ್ನು ಎಣಿಸುತ್ತದೆ. ಎಣಿಕೆ ವೈರಿನಲ್ಲೋ ರೇಡಿಯೊ ಅಲೆಯಲ್ಲೋ ಸಾಗಿ ಯುಎಸ್‌ಬಿ ಪೋರ್ಟ್ ಸೇರುತ್ತದೆ. ಆಪರೇಟಿಂಗ್ ಸಿಸ್ಟಮ್ ಅದನ್ನು ತನ್ನ ಲೆಕ್ಕದಲ್ಲಿ ಗುಣಿಸುತ್ತದೆ, ಗೇಮ್ ಮತ್ತೆ ತನ್ನ ಲೆಕ್ಕದಲ್ಲಿ ಗುಣಿಸುತ್ತದೆ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸಿ ಮಾನಿಟರಿಗೆ ಕಳಿಸುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಆಡುವವರ ಬಾಯಲ್ಲಿ ಬರುವುದು ಒಂದೇ ಮಾತು: "ಮೌಸ್ ಲ್ಯಾಗ್ ಆಗ್ತಿದೆ."

## ಏನನ್ನೂ ಮುಟ್ಟುವ ಮೊದಲು

ಗೇಮ್ ಮುಚ್ಚಿ. ಡೆಸ್ಕ್‌ಟಾಪ್ ಮೇಲೆ ಬಾಣವನ್ನು ದೊಡ್ಡ ವೃತ್ತದಲ್ಲಿ ತಿರುಗಿಸಿ. ಮೊದಲು ನಿಧಾನವಾಗಿ, ಆಮೇಲೆ ರಭಸದಿಂದ. ಅಲ್ಲೂ ಜಿಗಿಯುತ್ತದೆ, ನಿಂತು ನಿಂತು ಓಡುತ್ತದೆ ಎಂದಾದರೆ ದೋಷ ಮೌಸ್, ಪ್ಯಾಡ್, ಡಾಂಗಲ್ ಅಥವಾ ಪೋರ್ಟ್ ಕಡೆ ಇದೆ. ಡೆಸ್ಕ್‌ಟಾಪ್‌ನಲ್ಲಿ ಬೆಣ್ಣೆಯಂತೆ ಜಾರುತ್ತದೆ, ಗೇಮ್‌ನಲ್ಲಿ ಮಾತ್ರ ಭಾರ ಎನಿಸುತ್ತದೆ ಎಂದಾದರೆ ಮೌಸನ್ನು ಬಿಟ್ಟು ಗೇಮ್ ಸೆಟ್ಟಿಂಗ್, ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ ತಯಾರಾಗುತ್ತದೆ ಎಂಬುದು), ಮಾನಿಟರ್ ನೋಡಿ. ಈ ಒಂದು ಪರೀಕ್ಷೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ.

ಬೇರೆಯವರ ಮೌಸ್ ಸಿಕ್ಕರೆ ನಿಮ್ಮ ಕಂಪ್ಯೂಟರಿಗೆ ಚುಚ್ಚಿ ನೋಡಿ, ನಿಮ್ಮದನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ನೋಡಿ. ದೋಷ ಮೌಸಿನ ಜೊತೆ ಹೋಯಿತೋ, ಕಂಪ್ಯೂಟರಿನಲ್ಲೇ ಉಳಿಯಿತೋ ಗೊತ್ತಾಗುತ್ತದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಬದಲಿಸುವ ಮೊದಲು ಹಳೆಯ ಅಂಕಿಗಳನ್ನು ಚೀಟಿಯಲ್ಲಿ ಬರೆದಿಡಿ, ಇಲ್ಲವೇ ಫೋನಿನಲ್ಲಿ ಫೋಟೊ ತೆಗೆದಿಡಿ. ಡಿಪಿಐ, ಸೆನ್ಸಿಟಿವಿಟಿ, ವಿ-ಸಿಂಕ್ (ಇವು ಏನೆಂದು ಮುಂದೆ ಬರುತ್ತದೆ) ಮೂರನ್ನೂ ಒಟ್ಟಿಗೆ ತಿರುವಿ "ಈಗ ಸರಿಹೋಯಿತು" ಅಂದರೆ, ಯಾವುದರಿಂದ ಸರಿಹೋಯಿತು ಎಂದು ನಿಮಗೇ ಗೊತ್ತಿರುವುದಿಲ್ಲ. ಮುಂದಿನ ಸಲ ಕೆಟ್ಟಾಗ ಮತ್ತೆ ಮೊದಲಿಂದ ಹುಡುಕಾಟ.

## ಬಾಣ ನಡುಗುತ್ತದೆ, ಇದ್ದಕ್ಕಿದ್ದಂತೆ ಮೂಲೆಗೆ ಹಾರುತ್ತದೆ

ಮೌಸ್ ಸುಮ್ಮನಿದ್ದಾಗಲೂ ಬಾಣ ಸಣ್ಣಗೆ ಕಂಪಿಸುವುದು, ನೆಟ್ಟಗೆ ಎಳೆದರೆ ಒಂದು ಕಡೆ ವಾಲುವುದು, ನಡುನಡುವೆ ಚಿಮ್ಮುವುದು. ಇವೆಲ್ಲ ಸೆನ್ಸರಿಗೆ ಕೆಳಗಿನ ನೆಲ ಸರಿಯಾಗಿ ಕಾಣುತ್ತಿಲ್ಲ ಎನ್ನುವ ಗುರುತು. ಆಪ್ಟಿಕಲ್ ಮೌಸ್ ಅಂದರೆ ಒಂದು ಪುಟ್ಟ ಕ್ಯಾಮೆರಾ. ಸೆಕೆಂಡಿಗೆ ಸಾವಿರಾರು ಸಲ ನೆಲದ ಚಿತ್ರ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಹೋಲಿಸಿ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತದೆ. ಕ್ಯಾಮೆರಾ ಗಾಜಿನ ಮೇಲೆ ಕೂದಲು ಕೂತರೆ ಆ ಲೆಕ್ಕ ಕೆಡುತ್ತದೆ.

ವೈರ್ ಕಿತ್ತು, ವೈರ್‌ಲೆಸ್ ಆದರೆ ಸ್ವಿಚ್ ಆರಿಸಿ, ಮೌಸನ್ನು ಮಗುಚಿ. ದೀಪದ ಕೆಳಗೆ ಓರೆಯಾಗಿ ಹಿಡಿದು ಸೆನ್ಸರ್ ಗುಳಿಯೊಳಗೆ ಇಣುಕಿ. ನೇರ ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಓರೆ ಮಾಡಿದಾಗಲೇ ಗುಳಿಗೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿ ಕೂತ ರೆಪ್ಪೆಗೂದಲೋ ಬೆಕ್ಕಿನ ರೋಮವೋ ಮಿನುಗುತ್ತದೆ. ಅದನ್ನು ಉಗುರಿನಿಂದಾಗಲಿ ಪಿನ್ನಿನಿಂದಾಗಲಿ ಕೆದಕಬೇಡಿ, ಲೆನ್ಸ್ ಗೀಚಿದರೆ ಆ ಗೀರು ಶಾಶ್ವತ. ಗಾಳಿ ಪಂಪಿನಿಂದ ಊದಿ. ಬಾಯಿಂದ ಊದಿದರೆ ಎಂಜಲ ಹನಿ ಬಿದ್ದು ಇನ್ನೊಂದು ರಗಳೆ. ಊದಿದರೂ ಹೋಗದಿದ್ದರೆ ಹತ್ತಿಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಹಗುರವಾಗಿ ಒರೆಸಿ. ಅದ್ದಿ ತೆಗೆಯುವುದು ಬೇಡ, ತೇವವಾದರೆ ಸಾಕು. ಅದು ಬೇಗ ಹೊತ್ತಿಕೊಳ್ಳುವ ದ್ರವ. ಹತ್ತಿರ ದೀಪವಾಗಲಿ ಸಿಗರೇಟಾಗಲಿ ಇರಬಾರದು, ಪೂರ್ತಿ ಆರಿದ ಮೇಲೆಯೇ ಮೌಸಿಗೆ ಕರೆಂಟ್ ಕೊಡಬೇಕು. ಸೆನ್ಸರ್ ಬೆಳಕು ಉರಿಯುತ್ತಿರುವಾಗ, ಅದರಲ್ಲೂ ಲೇಸರ್ ಮೌಸ್ ಆದರೆ, ಕಣ್ಣು ಹತ್ತಿರ ಒಯ್ದು ನೋಡುವ ಸಾಹಸ ಬೇಡ.

ಗುಳಿ ಶುಭ್ರವಾಗಿದ್ದೂ ನಡುಗಿದರೆ ಮೇಲ್ಮೈ ಬದಲಿಸಿ. ಬಣ್ಣವಿಲ್ಲದ ಒಂದು ಬಿಳಿ ಹಾಳೆ ಹಾಸಿ ಅದರ ಮೇಲೆ ಓಡಿಸಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಹಾಳೆಯ ಮೇಲೆ ಸರಿಯಾಗಿ ಓಡಿದರೆ ತಪ್ಪು ನಿಮ್ಮ ಮೇಜಿನದು ಅಥವಾ ಪ್ಯಾಡಿನದು. ಗಾಜು, ಹೊಳಪಿನ ಲ್ಯಾಮಿನೇಟ್, ಬಗೆಬಗೆ ಬಣ್ಣದ ಚಿತ್ರ ಮುದ್ರಿಸಿದ ಪ್ಯಾಡ್ ಎಷ್ಟೋ ಸೆನ್ಸರ್‌ಗಳಿಗೆ ಆಗಿಬರುವುದಿಲ್ಲ. ಬಟ್ಟೆಯ ಪ್ಯಾಡ್ ಬೆವರು ಕುಡಿದು ನಡುಭಾಗ ಹೊಳೆಯುತ್ತಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಅರ್ಧ ಒಣಗಿದ ಪ್ಯಾಡ್ ಮೇಲೆ ಆಡಿ "ಇನ್ನೂ ಕೆಟ್ಟಿತು" ಅನ್ನಬೇಡಿ.

ಇನ್ನೊಂದು ಲಕ್ಷಣ ಗಮನಿಸಿ. ಮೌಸನ್ನು ಎತ್ತಿ ಬೇರೆ ಕಡೆ ಇಡುವಾಗ ಮಾತ್ರ ಗುರಿ ಚೂರು ಜರುಗುತ್ತದೆಯೇ? ಅದು ಲಿಫ್ಟ್-ಆಫ್ ಡಿಸ್ಟೆನ್ಸ್ ಹೆಚ್ಚಾಗಿರುವುದರ ಗುರುತು. ಅಂದರೆ ಮೌಸ್ ನೆಲ ಬಿಟ್ಟ ಮೇಲೂ ಸೆನ್ಸರ್ ನೋಡುತ್ತಲೇ ಇದೆ. ಒಂದು ಸಿಡಿಯ ದಪ್ಪ 1.2 ಮಿಲಿಮೀಟರ್. ಸೆನ್ಸರಿಗೆ ಅಡ್ಡ ಬಾರದಂತೆ ಮೌಸಿನ ಹಿಂದೆ ಮುಂದೆ ಸಿಡಿ ಕೊಟ್ಟು ಎತ್ತರಿಸಿ ಸರಿಸಿ. ಎರಡೆರಡು ಸಿಡಿ ಇಟ್ಟರೂ ಬಾಣ ಓಡುತ್ತಿದ್ದರೆ ಮೌಸಿನ ಸಾಫ್ಟ್‌ವೇರ್‌ನಲ್ಲಿ ಈ ದೂರವನ್ನು "ಲೋ" ಅಥವಾ 1 ಮಿಲಿಮೀಟರಿಗೆ ಇಳಿಸಿ.

## ಅದೇ ದೂರ ಸರಿಸಿದರೂ ಗುರಿ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ

ನನ್ನ ಅನುಭವದಲ್ಲಿ ಅತಿ ಹೆಚ್ಚು ಜನರನ್ನು ಕಾಡುವುದು ಇದೇ, ಹೆಸರು ಹಿಡಿದು ಹೇಳಲು ಆಗದೆ ಒದ್ದಾಡುವುದೂ ಇದರಲ್ಲೇ. ಮೌಸ್ ಜಿಗಿಯುವುದಿಲ್ಲ, ತಡವರಿಸುವುದಿಲ್ಲ, ಆದರೂ "ಕೈಗೆ ಕೂರುತ್ತಿಲ್ಲ." ಇವತ್ತು ತಲೆಗೆ ಬೀಳುವ ಗುಂಡು ನಾಳೆ ಕಿವಿ ಪಕ್ಕದಲ್ಲಿ ಹೋಗುತ್ತದೆ.

ಹೀಗೆ ಪರೀಕ್ಷಿಸಿ. ಪ್ಯಾಡಿನ ಎಡ ಅಂಚಿನಲ್ಲಿ ಒಂದು, ಬಲಕ್ಕೆ ಸುಮಾರು ಒಂದು ಗೇಣು ದೂರದಲ್ಲಿ ಇನ್ನೊಂದು ಟೇಪ್ ತುಣುಕು ಅಂಟಿಸಿ. ಗೇಮ್‌ನ ಅಭ್ಯಾಸದ ಅಂಗಳದಲ್ಲಿ ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿ ಇಟ್ಟು, ಮೌಸನ್ನು ಎಡ ಟೇಪಿಗೆ ತಾಗಿಸಿ ನಿಲ್ಲಿಸಿ. ಈಗ ರಪ್ಪನೆ ಬಲ ಟೇಪಿನವರೆಗೆ ಎಳೆಯಿರಿ. ಅಲ್ಲಿಂದ ಬಸವನಹುಳದಂತೆ ನಿಧಾನವಾಗಿ ಎಡ ಟೇಪಿಗೆ ವಾಪಸ್ ತನ್ನಿ. ಮೌಸ್ ಹೊರಟ ಜಾಗಕ್ಕೆ ಬಂದಿದೆ. ಗುರಿಯೂ ಅದೇ ಚುಕ್ಕೆಗೆ ಬಂದರೆ ಎಲ್ಲ ಸರಿ. ಚುಕ್ಕೆಗೆ ಮರಳದೆ, ವೇಗವಾಗಿ ಹೋದ ದಿಕ್ಕಿನಲ್ಲೇ, ಅಂದರೆ ಬಲಕ್ಕೆ, ಉಳಿದುಬಿಟ್ಟರೆ ಆಕ್ಸಿಲರೇಷನ್ ಚಾಲೂ ಇದೆ. ಕೈ ಎಷ್ಟು ದೂರ ಹೋಯಿತು ಎನ್ನುವುದರ ಜೊತೆಗೆ ಎಷ್ಟು ವೇಗವಾಗಿ ಹೋಯಿತು ಎನ್ನುವುದನ್ನೂ ಕಂಪ್ಯೂಟರ್ ಲೆಕ್ಕಕ್ಕೆ ಹಿಡಿಯುತ್ತಿದೆ. ಸ್ಪ್ರೆಡ್‌ಶೀಟಿನಲ್ಲಿ ಕೆಲಸ ಮಾಡುವವರಿಗೆ ಅದು ಅನುಕೂಲವೇ. ಸ್ನಾಯುವಿನ ನೆನಪಿನ ಮೇಲೆ ಆಡುವವರಿಗೆ ಅಲ್ಲ.

ವಿಂಡೋಸ್‌ನಲ್ಲಿ ಮೌಸ್ ಸೆಟ್ಟಿಂಗ್ ತೆರೆದು, ಹೆಚ್ಚುವರಿ ಮೌಸ್ ಸೆಟ್ಟಿಂಗ್‌ಗಳಿಗೆ ಹೋಗಿ, ಪಾಯಿಂಟರ್ ಆಪ್ಷನ್ಸ್ ಹಾಳೆಯಲ್ಲಿ "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್" ಮುಂದಿನ ಗುರುತು ತೆಗೆಯಿರಿ. ಹೆಸರು ಕೇಳಿದರೆ ನಿಖರತೆ ಹೆಚ್ಚಿಸುವ ಸೌಲಭ್ಯದಂತಿದೆ. ಒಳಗಿರುವುದು ಮಾತ್ರ ಇದೇ ಆಕ್ಸಿಲರೇಷನ್. ಅಲ್ಲೇ ಇರುವ ವೇಗದ ಜಾರುಪಟ್ಟಿಯಲ್ಲಿ 11 ಮೆಟ್ಟಿಲುಗಳಿವೆ, ನಟ್ಟನಡುವಿನ 6ನೆಯದರಲ್ಲಿ ನಿಲ್ಲಿಸಿ. ಅಲ್ಲಿ ಮೌಸಿನ ಒಂದು ಎಣಿಕೆಗೆ ಬಾಣ ಸರಿಯಾಗಿ ಒಂದು ಪಿಕ್ಸೆಲ್ ಸರಿಯುತ್ತದೆ. ವಿಂಡೋಸ್ 11ರ ಹೊಸ ಪಟ್ಟಿ 20ರವರೆಗೆ ಹೋಗುತ್ತದೆ, ಅದರಲ್ಲಿ 10 ಅಂದರೆ ಇದೇ ನಡು. ಮ್ಯಾಕ್‌ನಲ್ಲಿ ವೆಂಚುರಾದಿಂದ ಈಚೆಗೆ ಮೌಸ್ ಸೆಟ್ಟಿಂಗಿನ ಅಡ್ವಾನ್ಸ್‌ಡ್ ಭಾಗದಲ್ಲಿ ಪಾಯಿಂಟರ್ ಆಕ್ಸಿಲರೇಷನ್ ಆರಿಸುವ ಗುಂಡಿ ಇದೆ. ಲಿನಕ್ಸ್‌ನಲ್ಲಿ ಆಕ್ಸಿಲರೇಷನ್ ಪ್ರೊಫೈಲನ್ನು "ಫ್ಲ್ಯಾಟ್" ಮಾಡಿ.

ಆಮೇಲೆ ಗೇಮ್ ಒಳಗೆ "ರಾ ಇನ್‌ಪುಟ್" ಎಂಬ ಆಯ್ಕೆ ಇದ್ದರೆ ಚಾಲೂ ಮಾಡಿ. ಆಗ ಗೇಮ್ ಆಪರೇಟಿಂಗ್ ಸಿಸ್ಟಮ್‌ನ ಗುಣಾಕಾರವನ್ನು ದಾಟಿ ಮೌಸಿನ ಕಚ್ಚಾ ಎಣಿಕೆಯನ್ನೇ ಓದುತ್ತದೆ. ಈಚಿನ ಬಹಳಷ್ಟು ಶೂಟರ್ ಗೇಮ್‌ಗಳು ತಾವಾಗಿಯೇ ಹೀಗೆ ಓದುತ್ತವೆ. ಅವುಗಳಲ್ಲಿ ವಿಂಡೋಸ್ ಸೆಟ್ಟಿಂಗ್ ತಿರುವಿದರೂ ವ್ಯತ್ಯಾಸ ಕಾಣದಿರುವುದು ಅದಕ್ಕೇ. "ಮೌಸ್ ಸ್ಮೂದಿಂಗ್" ಎಂಬುದು ಕಂಡರೆ ಆರಿಸಿ. ಹೆಸರಿಗೆ ನಯವಾದರೂ ಅದು ಹಲವು ಎಣಿಕೆಗಳ ಸರಾಸರಿ ತೆಗೆದು ಕೊಡುವುದರಿಂದ ಗುರಿ ಕೈಗಿಂತ ಹಿಂದೆ ಬೀಳುತ್ತದೆ. ಮೌಸಿನ ಸ್ವಂತ ಸಾಫ್ಟ್‌ವೇರ್‌ನಲ್ಲಿ "ಆಂಗಲ್ ಸ್ನ್ಯಾಪಿಂಗ್" ಇದ್ದರೆ ಅದನ್ನೂ ಆರಿಸಿ. ಸೊಟ್ಟ ಗೆರೆಯನ್ನು ನೆಟ್ಟಗೆ ತಿದ್ದುವ ಚಾಳಿ ಅದರದು.

ಟೇಪ್ ಪರೀಕ್ಷೆಯಲ್ಲಿ ಫಲಿತಾಂಶ ತಲೆಕೆಳಗಾಗಿ ಬಂದರೆ? ಅಂದರೆ ರಪ್ಪನೆ ಎಳೆದಾಗ ಗುರಿ ಕಡಿಮೆ ತಿರುಗಿ, ವಾಪಸ್ ಬಂದಾಗ ಚುಕ್ಕೆ ದಾಟಿ ಎಡಕ್ಕೆ ಹೋದರೆ, ಅಥವಾ ವೇಗವಾಗಿ ಬೀಸಿದಾಗ ನೋಟ ಆಕಾಶಕ್ಕೋ ನೆಲಕ್ಕೋ ತಿರುಗಿಬಿಟ್ಟರೆ, ಅದು ಸೆನ್ಸರಿನ ಮಿತಿ. ಕಚೇರಿ ಕೆಲಸಕ್ಕೆಂದು ಮಾಡಿದ ಅಗ್ಗದ ಮೌಸ್‌ಗಳಲ್ಲಿ ಇದು ಸಾಮಾನ್ಯ. ಯಾವ ಸೆಟ್ಟಿಂಗೂ ಇದನ್ನು ಸರಿಪಡಿಸದು. ಇಲ್ಲಿ ಮಾತ್ರ ಹೊಸ ಮೌಸ್ ಕೊಳ್ಳುವ ಮಾತಿಗೆ ನನ್ನ ಒಪ್ಪಿಗೆ ಇದೆ. ದುಬಾರಿಯದ್ದೇ ಬೇಕೆಂದೇನಿಲ್ಲ. ಪಿಕ್ಸ್‌ಆರ್ಟ್ 3360 ಎಂಬ ಈಗ ಹಳತಾದ ಸೆನ್ಸರಿನ ಮಿತಿಯೇ ಸೆಕೆಂಡಿಗೆ 250 ಇಂಚು, ಅಂದರೆ 6 ಮೀಟರಿಗೂ ಮೇಲೆ. ಮೇಜಿನ ಮೇಲೆ ಅಷ್ಟು ವೇಗವಾಗಿ ಕೈ ಬೀಸುವವರು ಅಪರೂಪ. ಅದಕ್ಕಿಂತ ದೊಡ್ಡ ಅಂಕಿಗಳೆಲ್ಲ ಡಬ್ಬದ ಮೇಲಿನ ಅಲಂಕಾರ ಎಂದೇ ನನ್ನ ಲೆಕ್ಕ.

## ತೀರಾ ಚುರುಕು, ಇಲ್ಲವೇ ತೀರಾ ಮಂದ

ಇದು ದೋಷವಲ್ಲ, ಅಳತೆಯ ವಿಷಯ. ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದಾಗ ಎಷ್ಟು ಎಣಿಕೆ ಕಳಿಸುತ್ತದೆ ಎಂಬುದು. ಗೇಮ್ ಸೆನ್ಸಿಟಿವಿಟಿ ಅಂದರೆ ಒಂದು ಎಣಿಕೆಗೆ ನೋಟ ಎಷ್ಟು ಡಿಗ್ರಿ ತಿರುಗಬೇಕು ಎಂಬುದು. ಎರಡರ ಗುಣಲಬ್ಧವೇ ಕೈಗೆ ತಿಳಿಯುವ ವೇಗ. 400 ಡಿಪಿಐಯಲ್ಲಿ 2, 800ರಲ್ಲಿ 1, 1600ರಲ್ಲಿ 0.5, ಈ ಮೂರೂ ಒಂದೇ.

ಇದನ್ನು ಸೆಂಟಿಮೀಟರಿನಲ್ಲಿ ಅಳೆದುಕೊಳ್ಳುವುದು ಒಳ್ಳೆಯದು: ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಎಷ್ಟು ದೂರ ಸರಿಯಬೇಕು? ಸ್ಕೇಲ್ ಇಟ್ಟು ನೋಡಿ. ಲೆಕ್ಕದಿಂದಲೂ ಸಿಗುತ್ತದೆ. ಕೌಂಟರ್-ಸ್ಟ್ರೈಕ್ 2 ಎಂಬ ಶೂಟರ್ ಗೇಮ್‌ನಲ್ಲಿ ಸೆನ್ಸಿಟಿವಿಟಿ 1 ಇದ್ದಾಗ ಒಂದು ಎಣಿಕೆಗೆ 0.022 ಡಿಗ್ರಿ ತಿರುಗುತ್ತದೆ. 360 ಡಿಗ್ರಿಗೆ ಸುಮಾರು 16,364 ಎಣಿಕೆ, 800 ಡಿಪಿಐಯಲ್ಲಿ ಅದು 20.45 ಇಂಚು, ಅಂದರೆ ಹತ್ತಿರಹತ್ತಿರ 52 ಸೆಂಟಿಮೀಟರ್. ವ್ಯಾಲರಂಟ್ ಎಂಬ ಇನ್ನೊಂದು ಶೂಟರ್‌ನಲ್ಲಿ ಇದೇ ಲೆಕ್ಕ 0.07 ಡಿಗ್ರಿ. ಅದಕ್ಕೇ ವ್ಯಾಲರಂಟ್‌ನಿಂದ ಕೌಂಟರ್-ಸ್ಟ್ರೈಕ್‌ಗೆ ಬರುವವರು ತಮ್ಮ ಸೆನ್ಸಿಟಿವಿಟಿಯನ್ನು 3.18ರಿಂದ ಗುಣಿಸುತ್ತಾರೆ, ಇಲ್ಲಿಂದ ಅಲ್ಲಿಗೆ ಹೋಗುವವರು ಭಾಗಿಸುತ್ತಾರೆ. ಗೇಮ್ ಬದಲಿಸಿದಾಗ "ಮೌಸ್ ಹಾಳಾಗಿದೆ" ಎನಿಸುವುದರ ಹಿಂದೆ ಎಷ್ಟೋ ಸಲ ಇರುವುದು ಈ ಒಂದು ಗುಣಾಕಾರ.

ಎಲ್ಲಿಂದ ಶುರುಮಾಡಬೇಕು ಅಂದರೆ, ಡಿಪಿಐ 800ರಲ್ಲಿಟ್ಟು ಮಿಕ್ಕದ್ದನ್ನು ಗೇಮ್ ಒಳಗೆ ಹೊಂದಿಸಿ ಅನ್ನುತ್ತೇನೆ. ಶತ್ರುವನ್ನು ದಾಟಿ ಮುಂದೆ ಹೋಗಿ ಮತ್ತೆ ಹಿಂದೆ ತರುವುದೇ ಹೆಚ್ಚಾದರೆ ಚೂರು ಇಳಿಸಿ, ತಲುಪುವ ಮೊದಲೇ ಪ್ಯಾಡ್ ಮುಗಿದುಹೋದರೆ ಚೂರು ಏರಿಸಿ. ಒಂದು ಸಲಕ್ಕೆ ಹತ್ತನೇ ಒಂದು ಭಾಗ ಸಾಕು. ಬದಲಿಸಿದ ಮೇಲೆ ಮೂರ್ನಾಲ್ಕು ದಿನ ಮುಟ್ಟಬೇಡಿ. ಮೊದಲ ದಿನ ಎಲ್ಲ ಹೊಸ ಅಂಕಿಯೂ ಕೆಟ್ಟದಾಗಿಯೇ ಕಾಣುತ್ತದೆ.

ಆಟದ ನಡುವೆ ಇದ್ದಕ್ಕಿದ್ದಂತೆ ವೇಗ ಬದಲಾಯಿತೇ? ಚಕ್ರದ ಹಿಂದಿನ ಡಿಪಿಐ ಗುಂಡಿಗೆ ಬೆರಳು ತಾಗಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಆ ಗುಂಡಿಯನ್ನೇ ನಿಷ್ಕ್ರಿಯ ಮಾಡಿ.

## ವೈರ್‌ಲೆಸ್ ಮೌಸ್ ನಿಂತು ನಿಂತು ಓಡುತ್ತದೆ

ಮೊದಲು ಬ್ಯಾಟರಿ. ಕಡಿಮೆಯಾಗಿದ್ದರೆ ತುಂಬಿಸಿ ಅಥವಾ ಹೊಸದು ಹಾಕಿ. ಚಾರ್ಜ್ ವೈರ್ ಚುಚ್ಚಿಕೊಂಡೇ ಆಡಲು ಬರುವ ಮೌಸ್ ಆದರೆ ಹಾಗೆ ಆಡಿ ನೋಡಿ. ವೈರಿನಲ್ಲಿ ಸರಿ, ವೈರ್ ಕಿತ್ತರೆ ತಡವರಿಕೆ ಎಂದಾದರೆ ಸೆನ್ಸರ್ ಆರೋಗ್ಯವಾಗಿದೆ, ತೊಂದರೆ ಇರುವುದು ರೇಡಿಯೊದಲ್ಲಿ.

ನಾನು ಸೋತಿದ್ದು ಇಲ್ಲಿ. ಕ್ಯಾಬಿನೆಟ್ ಮೇಜಿನ ಕೆಳಗೆ, ಡಾಂಗಲ್ ಅದರ ಬೆನ್ನಿಗೆ, ನಡುವೆ ತಗಡಿನ ಗೋಡೆ. ಸಾಲದ್ದಕ್ಕೆ ಪಕ್ಕದ ಯುಎಸ್‌ಬಿ 3.0 ಪೋರ್ಟಿನಲ್ಲಿ ಹೊರಗಿನ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ಅಳೆದು ತೋರಿಸಿತ್ತು. ವೈರ್‌ಲೆಸ್ ಮೌಸ್ ಮಾತಾಡುವುದೂ ಅದೇ ಅಲೆಯಲ್ಲಿ. ಜಾತ್ರೆಯಲ್ಲಿ ಪಿಸುಗುಟ್ಟಿದರೆ ಯಾರಿಗೆ ಕೇಳಿಸೀತು? ಡಿಸ್ಕಿಗೆ ಫೈಲ್ ನಕಲಾಗುತ್ತಿದ್ದಾಗಷ್ಟೇ ಮೌಸ್ ತಡವರಿಸುತ್ತಿತ್ತು. ಆ ಸುಳಿವು ಕಣ್ಣೆದುರಿಗೇ ಇದ್ದರೂ ನನಗೆ ಹೊಳೆಯಲಿಲ್ಲ.

ಪರಿಹಾರ ಸುಲಭ. ಮೌಸ್ ಡಬ್ಬದಲ್ಲಿ ಬಂದ ಚಿಕ್ಕ ಎಕ್ಸ್‌ಟೆನ್ಷನ್ ವೈರ್ ಎಲ್ಲೋ ಬಿದ್ದಿರುತ್ತದೆ, ಹುಡುಕಿ. ಅದರ ತುದಿಗೆ ಡಾಂಗಲ್ ಸಿಕ್ಕಿಸಿ ಪ್ಯಾಡಿನಿಂದ ಒಂದು ಗೇಣು ದೂರದಲ್ಲಿ, ಮೇಜಿನ ಮೇಲೆ ಇಡಿ. ಹಾರ್ಡ್ ಡಿಸ್ಕ್, ಯುಎಸ್‌ಬಿ ಹಬ್, ರೂಟರ್‌ಗಳಿಂದ ದೂರ ಇರಲಿ. ಮನೆಯ ವೈ-ಫೈಗೆ 5 ಗಿಗಾಹರ್ಟ್ಸ್ ಇದ್ದರೆ ಕಂಪ್ಯೂಟರನ್ನು ಅದಕ್ಕೆ ಸೇರಿಸಿ.

ಡಾಂಗಲ್ ಇದ್ದೂ ಬ್ಲೂಟೂತ್‌ನಲ್ಲಿ ಆಡುತ್ತಿದ್ದರೆ ಮೊದಲು ಬ್ಲೂಟೂತ್ ಬಿಟ್ಟು ಡಾಂಗಲ್‌ಗೆ ಬನ್ನಿ. ಬಹುತೇಕ ಬ್ಲೂಟೂತ್ ಮೌಸ್‌ಗಳಲ್ಲಿ ಎರಡು ವರದಿಗಳ ನಡುವಿನ ಅಂತರ 7.5 ಮಿಲಿಸೆಕೆಂಡಿಗಿಂತ ಕೆಳಗಿಳಿಯುವುದಿಲ್ಲ. ಬರವಣಿಗೆಗೆ ಸಾಕು, ಗೇಮಿಗೆ ಸಾಲದು.

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಮುಟ್ಟಿದಾಗ ಮಾತ್ರ ಮೊದಲ ಕ್ಷಣ ಸತ್ತಂತಿದ್ದರೆ ಅದು ನಿದ್ರೆ. ಮೌಸ್ ಸಾಫ್ಟ್‌ವೇರ್‌ನಲ್ಲಿ ಸ್ಲೀಪ್ ಸಮಯ ಹೆಚ್ಚಿಸಿ. ವಿಂಡೋಸ್‌ನ ಪವರ್ ಆಪ್ಷನ್ಸ್ ಒಳಗೆ "ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್" ಆರಿಸಿ. ವೈರ್ ಮೌಸ್ ಕೂಡ ಆಗಾಗ ಕಡಿದುಹೋಗಿ ಟಣ್ ಎಂದು ಶಬ್ದ ಮಾಡಿ ಮತ್ತೆ ಬರುತ್ತಿದ್ದರೆ ಇದನ್ನೇ ಮೊದಲು ಮಾಡಿ, ಆಮೇಲೆ ಪೋರ್ಟ್ ಬದಲಿಸಿ. ಅಷ್ಟಾದರೂ ಹೋಗದಿದ್ದರೆ ವೈರ್ ಮೌಸಿನೊಳಗೆ ನುಗ್ಗುವ ಜಾಗದಲ್ಲಿ ಬೆರಳಿಟ್ಟು ಮೆಲ್ಲಗೆ ಬಾಗಿಸಿ ನೋಡಿ. ಬಾಗಿಸಿದಾಗ ಸೆನ್ಸರ್ ಬೆಳಕು ಆರಿ ಹತ್ತಿದರೆ ಒಳಗೆ ತಂತಿ ತುಂಡಾಗಿದೆ. ಟೇಪ್ ಸುತ್ತಿ ಕಾಲ ತಳ್ಳುವುದು ಬೇಡ, ರಿಪೇರಿಗೆ ಕೊಡಿ.

## ಡೆಸ್ಕ್‌ಟಾಪ್‌ನಲ್ಲಿ ಹಗುರ, ಗೇಮ್‌ನಲ್ಲಿ ಕೆಸರಿನಲ್ಲಿ ಎಳೆದಂತೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇಲ್ಲಿ ಮೌಸನ್ನು ದೂರುವುದೇ. ಡೆಸ್ಕ್‌ಟಾಪ್ ಬಾಣವನ್ನು ಗ್ರಾಫಿಕ್ಸ್ ಕಾರ್ಡ್ ಉಳಿದ ಚಿತ್ರದಿಂದ ಪ್ರತ್ಯೇಕವಾಗಿ, ಮೇಲಿಂದ ಅಂಟಿಸಿದಂತೆ ತೋರಿಸುತ್ತದೆ. ಹಾಗಾಗಿ ಅದು ಯಾವಾಗಲೂ ಹಗುರ. ಗೇಮ್‌ನಲ್ಲಿ ಮಾತ್ರ ನಿಮ್ಮ ಕೈಯ ಚಲನೆ ಕಾಣಬೇಕಾದರೆ ಇಡೀ ಫ್ರೇಮ್ ಹೊಸದಾಗಿ ತಯಾರಾಗಬೇಕು.

60 ಹರ್ಟ್ಸ್ ಮಾನಿಟರಿನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ಇರುತ್ತದೆ, 144ರಲ್ಲಿ 6.9, 240ರಲ್ಲಿ 4.2. ವಿ-ಸಿಂಕ್, ಅಂದರೆ ಫ್ರೇಮ್‌ಗಳನ್ನು ಮಾನಿಟರಿನ ತಾಳಕ್ಕೆ ಹೊಂದಿಸುವ ಸೆಟ್ಟಿಂಗ್, ಚಾಲೂ ಇದ್ದಾಗ ತಯಾರಾದ ಫ್ರೇಮ್‌ಗಳು ಸಾಲಿನಲ್ಲಿ ಕಾಯುತ್ತವೆ. 60 ಹರ್ಟ್ಸ್‌ನಲ್ಲಿ ಮೂರು ಫ್ರೇಮ್ ಕಾದರೆ 50 ಮಿಲಿಸೆಕೆಂಡ್ ಹೋಯಿತು. ಇದರ ಪಕ್ಕದಲ್ಲಿ ಮೌಸಿನ ಪೋಲಿಂಗ್ ದರವನ್ನು (ಸೆಕೆಂಡಿಗೆ ಎಷ್ಟು ವರದಿ ಎಂಬುದನ್ನು) 125ರಿಂದ 1000ಕ್ಕೆ ಏರಿಸಿದರೆ ಸಿಗುವ ಲಾಭ ಹೆಚ್ಚೆಂದರೆ 7 ಮಿಲಿಸೆಕೆಂಡ್.

ಆದ್ದರಿಂದ ಮೊದಲು ವಿ-ಸಿಂಕ್ ಆರಿಸಿ ಆಡಿ ನೋಡಿ. ಚಿತ್ರ ಅಡ್ಡಡ್ಡ ಹರಿದಂತೆ ಕಂಡರೂ ಕೈ ಹಗುರವಾದರೆ ರೋಗ ಸಿಕ್ಕಿತು. ಮಾನಿಟರಿಗೆ ಜಿ-ಸಿಂಕ್ ಅಥವಾ ಫ್ರೀಸಿಂಕ್ (ಮಾನಿಟರೇ ಫ್ರೇಮ್‌ಗಳ ತಾಳಕ್ಕೆ ಹೊಂದಿಕೊಳ್ಳುವ ಸೌಲಭ್ಯ) ಇದ್ದರೆ ಅದನ್ನು ಚಾಲೂ ಮಾಡಿ, ಫ್ರೇಮ್ ದರವನ್ನು ಮಾನಿಟರಿನ ದರಕ್ಕಿಂತ ಮೂರ್ನಾಲ್ಕು ಕೆಳಗೆ ಕಟ್ಟಿಹಾಕಿ. ಗ್ರಾಫಿಕ್ಸ್ ಕಾರ್ಡ್ 99 ಶೇಕಡಾ ದುಡಿಯುತ್ತಿದ್ದರೂ ಸಾಲು ಬೆಳೆಯುತ್ತದೆ. ನೆರಳು, ಪ್ರತಿಬಿಂಬದಂಥ ಭಾರದ ಸೆಟ್ಟಿಂಗ್‌ಗಳನ್ನು ಇಳಿಸಿ ಅದಕ್ಕೆ ಉಸಿರಾಡಲು ಬಿಡಿ. ಗೇಮ್‌ನಲ್ಲಿ ಎನ್‌ವಿಡಿಯಾ ರಿಫ್ಲೆಕ್ಸ್ ಇದ್ದರೆ ಚಾಲೂ ಮಾಡಿ, ಎಎಂಡಿ ಕಾರ್ಡ್ ಆದರೆ ಆಂಟಿ-ಲ್ಯಾಗ್. ಎರಡೂ ಮಾಡುವುದು ಸಾಲು ಬೆಳೆಯದಂತೆ ತಡೆಯುವ ಕೆಲಸವನ್ನೇ.

ಟಿವಿಗೆ ಜೋಡಿಸಿ ಆಡುವವರು ಟಿವಿಯ ಗೇಮ್ ಮೋಡ್ ಹಾಕಿದ್ದೀರಾ ನೋಡಿ. ಅದಿಲ್ಲದಿದ್ದರೆ ಟಿವಿ ಪ್ರತಿ ಚಿತ್ರವನ್ನೂ ಸಿಂಗರಿಸಿ ಆಮೇಲೆ ತೋರಿಸುತ್ತದೆ. 144 ಹರ್ಟ್ಸ್ ಮಾನಿಟರ್ ತಂದು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60ರಲ್ಲೇ ಬಿಟ್ಟು ಆಡುತ್ತಿರುವವರೂ ಕಡಿಮೆಯಿಲ್ಲ. ಹೋಗಿ ನೋಡಿಬನ್ನಿ, ನಾನು ಇಲ್ಲೇ ಇರುತ್ತೇನೆ.

## ಪೋಲಿಂಗ್ ದರ ಏರಿಸಿದ ಮೇಲೆ ಗೇಮ್ ಜರ್ಕ್ ಹೊಡೆಯುತ್ತಿದೆ

ಪೋಲಿಂಗ್ ದರ ಅಂದರೆ ಮೌಸ್ ಸೆಕೆಂಡಿಗೆ ಎಷ್ಟು ಸಲ ವರದಿ ಒಪ್ಪಿಸುತ್ತದೆ ಎಂಬುದು. 125ರಲ್ಲಿ 8 ಮಿಲಿಸೆಕೆಂಡಿಗೊಮ್ಮೆ, 1000ದಲ್ಲಿ 1 ಮಿಲಿಸೆಕೆಂಡಿಗೊಮ್ಮೆ, 8000ದಲ್ಲಿ 0.125 ಮಿಲಿಸೆಕೆಂಡಿಗೊಮ್ಮೆ. ಪ್ರತಿ ವರದಿಯನ್ನೂ ಪ್ರೊಸೆಸರ್ ಕೈಯಲ್ಲಿರುವ ಕೆಲಸ ನಿಲ್ಲಿಸಿ ಓದಬೇಕು. ಹಳೆಯ ಪ್ರೊಸೆಸರ್‌ಗಳಿಗೆ, ಹಳೆಯ ಗೇಮ್ ಎಂಜಿನ್‌ಗಳಿಗೆ 4000, 8000 ಹೊರೆಯಾಗುತ್ತದೆ. ಮೌಸ್ ಬೀಸಿದಾಗ ಮಾತ್ರ ಫ್ರೇಮ್ ಕುಸಿದು, ಕೈ ನಿಲ್ಲಿಸಿದರೆ ಸರಿಹೋಗುವುದು ಇದರ ಖಚಿತ ಗುರುತು. 1000ಕ್ಕೆ ಇಳಿಸಿ. ಅದರಲ್ಲೂ ಜರ್ಕ್ ಇದ್ದರೆ 500. ವೈರ್‌ಲೆಸ್ ಮೌಸಿನಲ್ಲಿ ದರ ಏರಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದೂ ನೆನಪಿರಲಿ.

ಸಾಧಾರಣ ಮೌಸಿನ ಪೋಲಿಂಗ್ ದರವನ್ನು ಬಲವಂತವಾಗಿ ಏರಿಸುವ ಡ್ರೈವರ್ ತಿದ್ದುಪಡಿಗಳ ಗೋಜಿಗೆ ಹೋಗಬೇಡಿ. ಅದಕ್ಕಾಗಿ ವಿಂಡೋಸ್‌ನ ಭದ್ರತೆ ಸಡಿಲಿಸಬೇಕಾಗಬಹುದು, ಆಟದಲ್ಲಿ ಮೋಸ ಹಿಡಿಯುವ ಆಂಟಿ-ಚೀಟ್ ವ್ಯವಸ್ಥೆಯ ಕಣ್ಣಿಗೆ ಬಿದ್ದರೆ ಗೇಮ್ ತೆರೆಯದೆಯೂ ಹೋಗಬಹುದು.

## ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತದೆ

ಸ್ಕೋಪ್ ತೆರೆದು ತಕ್ಷಣ ಮುಚ್ಚಿಕೊಳ್ಳುವುದು, ಗುಂಡಿ ಹಿಡಿದೇ ಇದ್ದರೂ ಗುಂಡು ನಡುವೆ ನಿಲ್ಲುವುದು, ಡೆಸ್ಕ್‌ಟಾಪ್‌ನಲ್ಲಿ ಫೈಲ್ ಎಳೆಯುತ್ತಿರುವಾಗ ದಾರಿಯಲ್ಲೇ ಉದುರುವುದು. ಇವು ಒಳಗಿನ ಮೈಕ್ರೋಸ್ವಿಚ್ ಸವೆದಿರುವ ಲಕ್ಷಣ. ಲೋಹದ ಎಲೆ ತಾಗುವ ಜಾಗ ಸವೆದು ಕಪ್ಪಾದಾಗ ಸಂಪರ್ಕ ಒಂದೇ ಸಲ ಕೂರದೆ ಪುಟಿಯುತ್ತದೆ, ಕಂಪ್ಯೂಟರ್ ಪ್ರತಿ ಪುಟಿತವನ್ನೂ ಕ್ಲಿಕ್ ಎಂದು ಎಣಿಸುತ್ತದೆ.

ಮೌಸ್ ಸಾಫ್ಟ್‌ವೇರ್‌ನಲ್ಲಿ ಡಿಬೌನ್ಸ್ ಸಮಯ ಎಂಬುದಿದ್ದರೆ ಒಂದೆರಡು ಮಿಲಿಸೆಕೆಂಡ್ ಏರಿಸಿ. ಅಷ್ಟು ಹೊತ್ತಿನೊಳಗಿನ ಎರಡನೇ ಕ್ಲಿಕ್ಕನ್ನು ಮೌಸ್ ಲೆಕ್ಕಕ್ಕಿಡುವುದಿಲ್ಲ. ಕೆಲವು ತಿಂಗಳು ದೂಡಬಹುದು, ಆದರೆ ಸವೆತ ನಿಲ್ಲದು. ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ, ಕಂಪನಿಗೆ ಕಳಿಸಿ. ಫೈಲ್ ಉದುರುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ "ನಮ್ಮಲ್ಲಿ ಸರಿಯಾಗಿಯೇ ಇದೆಯಲ್ಲ" ಎನ್ನುವ ಉತ್ತರ ತಪ್ಪುತ್ತದೆ. ಬಿಚ್ಚುವ ಸ್ಕ್ರೂಗಳು ಸಾಮಾನ್ಯವಾಗಿ ತಳದ ಜಾರುಪಟ್ಟಿಗಳ ಅಡಿಯಲ್ಲಿರುತ್ತವೆ. ಅವನ್ನು ಕಿತ್ತರೆ ವಾರಂಟಿ ಮಾತು ಮುಗಿಯಬಹುದು, ಮತ್ತೆ ಅಂಟಿಸಿದ ಪಟ್ಟಿ ಮೊದಲಿನಂತೆ ಜಾರುವುದೂ ಇಲ್ಲ.

ವಾರಂಟಿ ಮುಗಿದಿದ್ದು, ಬೆಸುಗೆ ಕೆಲಸ ಬರುತ್ತದೆ ಅಂದರೆ ಮಾತ್ರ ಸ್ವಿಚ್ ಬದಲಿಸಲು ಕೈಹಾಕಿ. ಬಾರದವರು ಬೆಸುಗೆ ಕಲಿಯುವುದಾದರೆ ಕೆಟ್ಟುಹೋದ ಬೇರೆ ಯಾವುದಾದರೂ ಬೋರ್ಡ್ ಮೇಲೆ ಕಲಿಯಲಿ. ಚಕ್ರ ತಿರುಗಿಸಿದಾಗ ಪುಟ ಹಿಂದೆ ಮುಂದೆ ಕುಣಿಯುವುದೂ ಇದೇ ಜಾತಿಯ ತೊಂದರೆ. ಚಕ್ರದ ಸಂದಿಗೆ ಗಾಳಿ ಊದಿ ನೋಡಿ, ಹೋಗದಿದ್ದರೆ ಚಕ್ರದ ತಿರುಗಾಟ ಎಣಿಸುವ ಒಳಗಿನ ಎನ್‌ಕೋಡರ್ ಸವೆದಿದೆ.

## ಕೈ ಹಿಂತೆಗೆಯಬೇಕಾದ ಸಂದರ್ಭಗಳು

ಮೌಸಿನ ಮೈ ಉಬ್ಬಿದೆ, ಗುಂಡಿಗಳು ಎದ್ದು ನಿಂತಿವೆ, ಚಾರ್ಜ್ ಮಾಡುವಾಗ ಕೈಸುಡುವಷ್ಟು ಬಿಸಿಯಾಗುತ್ತದೆ, ಸಿಹಿಯಂಥ ರಾಸಾಯನಿಕ ವಾಸನೆ ಬರುತ್ತದೆ. ಇಂಥದ್ದು ಯಾವುದು ಕಂಡರೂ ಒಳಗಿನ ಲಿಥಿಯಂ ಬ್ಯಾಟರಿ ಕೆಟ್ಟಿರಬಹುದು. ಚಾರ್ಜ್ ವೈರ್ ಕಿತ್ತು, ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಟ್ಟು, ಬ್ಯಾಟರಿ ವಿಲೇವಾರಿ ಮಾಡುವವರಿಗೆ ಕೊಡಿ. ಬಿಚ್ಚಿ ನೋಡುವುದು, ಒತ್ತಿ ಕೂರಿಸುವುದು, ಕಸದ ಬುಟ್ಟಿಗೆ ಎಸೆಯುವುದು ಯಾವುದೂ ಬೇಡ. ಕಾಫಿಯೋ ನೀರೋ ಚೆಲ್ಲಿದ್ದರೂ ಮೊದಲು ಕರೆಂಟ್ ತಪ್ಪಿಸಿ, "ಇನ್ನೂ ಓಡ್ತಿದೆಯಲ್ಲ" ಎಂದು ಆಟ ಮುಂದುವರಿಸಬೇಡಿ. ಒಂದಕ್ಕಿಂತ ಹೆಚ್ಚು ಮೌಸ್, ಒಂದಕ್ಕಿಂತ ಹೆಚ್ಚು ಕೀಬೋರ್ಡ್ ಎಲ್ಲವೂ ಎಲ್ಲ ಪೋರ್ಟಿನಲ್ಲೂ ಕಡಿದು ಕಡಿದು ಬರುತ್ತಿದ್ದರೆ ಮದರ್‌ಬೋರ್ಡ್ ಅಥವಾ ಪವರ್ ಸಪ್ಲೈ ಸಂಶಯಿಸಬೇಕು. ಪವರ್ ಸಪ್ಲೈ ಡಬ್ಬವನ್ನು ನೀವು ತೆರೆಯಬೇಡಿ. ವೈರ್ ಕಿತ್ತ ಮೇಲೂ ಅದರೊಳಗೆ ಅಪಾಯದ ಮಟ್ಟದ ವಿದ್ಯುತ್ ಉಳಿದಿರುತ್ತದೆ, ತಿಳಿದವರಿಗೆ ತೋರಿಸಿ.

ಇನ್ನು ಕೈ. ಸೆನ್ಸಿಟಿವಿಟಿ ಬದಲಿಸಿದ ಹೊಸದರಲ್ಲಿ ಮುಂಗೈ ಸ್ವಲ್ಪ ದಣಿಯುವುದು ಸಹಜ, ಒಂದೆರಡು ದಿನದಲ್ಲಿ ಹೋಗುತ್ತದೆ. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಮಣಿಕಟ್ಟಿನ ನೋವು, ಲೋಟ ಹಿಡಿದರೆ ಜಾರುವಷ್ಟು ಬಲಹೀನತೆ ಕಂಡರೆ ಆಟ ನಿಲ್ಲಿಸಿ ವೈದ್ಯರ ಬಳಿ ಹೋಗಿ. ದಿನಕ್ಕೆ ಎಷ್ಟು ಗಂಟೆ ಆಡುತ್ತೀರಿ ಎಂದು ಅವರು ಕೇಳಿದಾಗ ಕಡಿಮೆ ಮಾಡಿ ಹೇಳಬೇಡಿ.